ಜಿಗಿತದ ಲೆಕ್ಕ ತಪ್ಪುವುದೆಲ್ಲಿ? ಹವ್ಯಾಸಿಗಳ ಪ್ಲಾಟ್‌ಫಾರ್ಮ್ ಆಟಗಳ ಹಿನ್ನೆಲೆ

ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಕಾಲೇಜಿಗೆ ಹೋಗುವವರು ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದೆ ಲ್ಯಾಪ್‌ಟಾಪ್ ಮುಂದೆ ಕೂತು ಒಂದು ವಿಡಿಯೋ ಗೇಮ್ ಮಾಡಹೊರಟರೆ, ಅದು ಬಹುಪಾಲು ಪ್ಲಾಟ್‌ಫಾರ್ಮ್ ಆಟವೇ ಆಗಿರುತ್ತದೆ. ಪಕ್ಕದಿಂದ ಕಾಣುವ ಪುಟ್ಟ ಪಾತ್ರ, ಓಡಲು ಎರಡು ಗುಂಡಿ, ಜಿಗಿಯಲು ಒಂದು. ಇಷ್ಟೇ ತಾನೆ ಅನ್ನಿಸುತ್ತದೆ. ಮುಗಿದ ಮೇಲೆ ಗೆಳೆಯರ ಕೈಗೆ ಕೊಟ್ಟರೆ, ಎರಡು ನಿಮಿಷ ಆಡಿ "ಚೆನ್ನಾಗಿದೆ, ಆದ್ರೆ ಏನೋ ಸರಿಯಿಲ್ಲ" ಎಂದು ವಾಪಸ್ ಕೊಡುತ್ತಾರೆ. ಆ "ಏನೋ" ಏನೆಂದು ಅವರಿಗೂ ಹೇಳಲು ಬರುವುದಿಲ್ಲ.

ಅದು ಎಲ್ಲ ಊರುಗಳಲ್ಲೂ ಒಂದೇ. ಕೈಬೆರಳೆಣಿಕೆಯ ತಪ್ಪುಗಳು ನಲವತ್ತು ವರ್ಷಗಳಿಂದ ಮರುಕಳಿಸುತ್ತಿವೆ, ಅವುಗಳಿಗೆ ಪರಿಹಾರ ಯಾವತ್ತೋ ಸಿಕ್ಕಿದೆ. ಆದರೆ ಹವ್ಯಾಸಿಗಳ ಆಟದಲ್ಲಿ ಒಂದು ಸೊಗಸೂ ಇರುತ್ತದೆ. ತಪ್ಪು ತಿದ್ದುವ ಭರದಲ್ಲಿ ಆ ಸೊಗಸನ್ನೂ ಅಳಿಸಿಬಿಡುವುದೇ ಹೆಚ್ಚು. ಯಾವುದು ತಪ್ಪು, ಯಾವುದು ಸೊಗಸು ಎಂದು ಬೇರ್ಪಡಿಸಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1981ರ ಡಾಂಕಿ ಕಾಂಗ್‌ನಲ್ಲಿ ಏಣಿ ಹತ್ತುವುದು, ಉರುಳಿ ಬರುವ ಪೀಪಾಯಿ ಹಾರುವುದು ಬಂತು. 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಗುಂಡಿಯನ್ನು ಎಷ್ಟು ಹೊತ್ತು ಒತ್ತಿ ಹಿಡಿಯುತ್ತೀರೋ ಅಷ್ಟು ಎತ್ತರ ಜಿಗಿಯಬಹುದಾಯಿತು. ಗಾಳಿಯಲ್ಲಿರುವಾಗಲೂ ಅತ್ತಿತ್ತ ವಾಲಬಹುದಾಯಿತು. ಈಗಿನ ಆಟಗಾರರ ಬೆರಳುಗಳು ಇದನ್ನೇ ನಿರೀಕ್ಷಿಸುತ್ತವೆ. ಈ ನಡುವೆ, 1983ರಲ್ಲಿ, ಇಂಗ್ಲೆಂಡಿನ ಹದಿಹರೆಯದ ಹುಡುಗ ಮ್ಯಾಥ್ಯೂ ಸ್ಮಿತ್ ಸ್ಪೆಕ್ಟ್ರಮ್ ಕಂಪ್ಯೂಟರಿಗಾಗಿ ಒಬ್ಬನೇ ಮ್ಯಾನಿಕ್ ಮೈನರ್ ಬರೆದ. ಅದರಲ್ಲಿ ಜಿಗಿತಕ್ಕೆ ಒಂದೇ ಎತ್ತರ, ಒಮ್ಮೆ ನೆಗೆದ ಮೇಲೆ ದಿಕ್ಕು ಬದಲಿಸುವಂತಿಲ್ಲ. ಆದರೂ ಜನ ಮುಗಿಬಿದ್ದು ಆಡಿದರು, ಏಕೆಂದರೆ ಪ್ರತಿ ಕೋಣೆಯಲ್ಲೂ ಬೇರೆ ಯಾರಿಗೂ ಹೊಳೆಯದ ವಿಚಿತ್ರ ಶತ್ರುಗಳಿದ್ದರು. ಮರುವರ್ಷದ ಅವನದೇ ಜೆಟ್ ಸೆಟ್ ವಿಲ್ಲಿಯಲ್ಲಿ ಅಟ್ಟದ ಕೋಣೆಯ ಬಾಣವೊಂದು ಪರದೆಯ ಮೆಮೊರಿಯ ಗಡಿ ದಾಟಿ ಆಟದ ಮಾಹಿತಿಯ ಮೇಲೆಯೇ ಬರೆದುಬಿಡುತ್ತಿತ್ತು. ಅಟ್ಟಕ್ಕೆ ಹೋಗಿ ಬಂದರೆ ಬೇರೆ ಕೆಲವು ಕೋಣೆಗಳು ಕಾಲಿಟ್ಟೊಡನೆ ಸಾಯಿಸುತ್ತಿದ್ದವು, ಆಟ ಮುಗಿಸುವುದೇ ಅಸಾಧ್ಯವಾಗಿತ್ತು. ಅಲ್ಲಿ ವಿಷಾನಿಲವಿದೆ ಎಂದು ಪ್ರಕಾಶಕರು ಮೊದಲು ಸಮಜಾಯಿಷಿ ಕೊಟ್ಟರು, ಆಮೇಲೆ ತಿದ್ದುಪಡಿ ಕೊಟ್ಟರು. ವಿಚಿತ್ರ ಶತ್ರುಗಳು ಸೊಗಸು, ಗಡಿ ದಾಟುವ ಬಾಣ ತಪ್ಪು. ಒಬ್ಬನೇ ಕೂತು ಮಾಡಿದ ಆಟದಲ್ಲಿ ಇವೆರಡೂ ಅಕ್ಕಪಕ್ಕ ಹೇಗಿರುತ್ತವೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು.

ನಮ್ಮಲ್ಲಿ ಶಾಲೆಯ ಕಂಪ್ಯೂಟರ್ ಲ್ಯಾಬ್ ಕಂಡ ಒಂದು ಇಡೀ ತಲೆಮಾರಿಗೆ ಪ್ಲಾಟ್‌ಫಾರ್ಮ್ ಆಟವೆಂದರೆ ಡೇಂಜರಸ್ ಡೇವ್. ಜಾನ್ ರೊಮೆರೊ 1988ರಲ್ಲಿ ಆ್ಯಪಲ್ ಕಂಪ್ಯೂಟರಿಗೆ ಬರೆದದ್ದು 1990ರಲ್ಲಿ ಡಾಸ್‌ಗೆ ಬಂತು, ಫ್ಲಾಪಿಯಿಂದ ಫ್ಲಾಪಿಗೆ ಹಾರುತ್ತ ಇಲ್ಲಿಯವರೆಗೂ ಬಂತು. ಹತ್ತು ಹಂತ, ಪ್ರತಿ ಹಂತದಲ್ಲೂ ಕಪ್ ಹಿಡಿದರೆ ಬಾಗಿಲು ತೆರೆಯುತ್ತದೆ. ಡೇವ್ ಪರದೆಯ ಅಂಚಿಗೆ ಬಂದಾಗ ದೃಶ್ಯ ನಯವಾಗಿ ಸರಿಯುವುದಿಲ್ಲ, ಧಡಕ್ಕನೆ ಮುಂದಕ್ಕೆ ಜಾರಿ ನಿಲ್ಲುತ್ತದೆ. ಆ ಕಾಲದ ಪಿಸಿಗಳಿಗೆ ದೃಶ್ಯವನ್ನು ನಯವಾಗಿ ಸರಿಸುವುದು ಬಲು ಕಷ್ಟ. ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಅದಕ್ಕೊಂದು ಉಪಾಯ ಕಂಡುಹಿಡಿದದ್ದು 1990ರಲ್ಲೇ. ಪರದೆಯಲ್ಲಿ ಬದಲಾದ ಚೌಕಗಳನ್ನಷ್ಟೇ ಮತ್ತೆ ಬರೆಯುವ ಆ ಉಪಾಯದಿಂದ ಅದೇ ಡಿಸೆಂಬರಿನಲ್ಲಿ ಕಮಾಂಡರ್ ಕೀನ್ ಬಂತು.

ಕೋಡ್ ಬರೆಯಲು ಬಾರದವರಿಗೂ ಈ ಬಾಗಿಲು ತೆರೆದದ್ದು 1994ರ ಕ್ಲಿಕ್ ಆ್ಯಂಡ್ ಪ್ಲೇ, 1999ರಲ್ಲಿ ನೆದರ್‌ಲ್ಯಾಂಡ್ಸ್‌ನ ಪ್ರಾಧ್ಯಾಪಕ ಮಾರ್ಕ್ ಓವರ್‌ಮಾರ್ಸ್ ಹೊರತಂದ ಗೇಮ್ ಮೇಕರ್, 2007ರ ಸ್ಕ್ರ್ಯಾಚ್ ಎಂಬ ಆಟ ಕಟ್ಟುವ ತಂತ್ರಾಂಶಗಳು. 2004ರಲ್ಲಿ ಜಪಾನಿನ ಡೈಸುಕೆ ಅಮಾಯಾ ಬಿಡುವಿನ ವೇಳೆಯಲ್ಲಿ ಐದು ವರ್ಷ ಕೆಲಸ ಮಾಡಿ ಕೇವ್ ಸ್ಟೋರಿಯನ್ನು ಪುಕ್ಕಟೆಯಾಗಿ ಬಿಟ್ಟರು. ಚಿತ್ರ, ಸಂಗೀತ, ಕಥೆ, ಕೋಡ್ ಎಲ್ಲ ಅವರದೇ. ಹವ್ಯಾಸಿಯ ಆಟ ದೊಡ್ಡ ಕಂಪನಿಯ ಆಟಕ್ಕಿಂತ ಆಪ್ತವಾಗಿರಬಲ್ಲದು ಎಂದು ಒಪ್ಪಿಸಿದ್ದು ಅದು.

ಈಗ ಹೆಚ್ಚಿನವರು ಆಟ ಕಟ್ಟಲು ಹಿಡಿಯುವುದು ಗೋಡೋ. ಉಚಿತ, ಮುಕ್ತ ತಂತ್ರಾಂಶ, ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಮೊದಲ ತಪ್ಪು ಇಲ್ಲೇ ಕಾದಿರುತ್ತದೆ. ಗೋಡೋ ಸಿದ್ಧವಾಗಿ ಕೊಡುವ ಪಾತ್ರದ ಕೋಡ್‌ನಲ್ಲಿ ಓಟದ ವೇಗ ಸೆಕೆಂಡಿಗೆ 300 ಪಿಕ್ಸೆಲ್, ಜಿಗಿತದ ವೇಗ 400, ಗುರುತ್ವ 980. ಎತ್ತರ ಎಷ್ಟಾಯಿತು? ವೇಗದ ವರ್ಗವನ್ನು ಗುರುತ್ವದ ಎರಡರಷ್ಟರಿಂದ ಭಾಗಿಸಿದರೆ ಸುಮಾರು 82 ಪಿಕ್ಸೆಲ್. ಗಾಳಿಯಲ್ಲಿರುವ ಹೊತ್ತು 0.82 ಸೆಕೆಂಡ್, ದಾಟುವ ದೂರ 245 ಪಿಕ್ಸೆಲ್. ದೊಡ್ಡ ಪರದೆಗೆ ಇದು ಸರಿ. ಆದರೆ ಹಳೆಯ ಕಾಲದ ಚಂದಕ್ಕಾಗಿ 320×180 ಪಿಕ್ಸೆಲ್‌ನ ಪರದೆ, ಹಂತ ಕಟ್ಟಲು 16 ಪಿಕ್ಸೆಲ್‌ನ ಚೌಕಗಳನ್ನು ಆರಿಸಿಕೊಂಡು ಇದೇ ಸಂಖ್ಯೆಗಳನ್ನು ಬಿಟ್ಟರೆ, ಪಾತ್ರ ಐದು ಚೌಕ ಎತ್ತರಕ್ಕೆ ಹಾರಿ ಹದಿನೈದು ಚೌಕ ಆಚೆ ಇಳಿಯುತ್ತದೆ. ಪರದೆಯ ಅಗಲವೇ ಇಪ್ಪತ್ತು ಚೌಕ! ಎಲ್ಲಿ ಇಳಿಯುತ್ತೇವೆಂದು ಕಾಣುವ ಮೊದಲೇ ಇಳಿದಿರುತ್ತೇವೆ. "ಏನೋ ಸರಿಯಿಲ್ಲ" ಎಂಬ ಮಾತಿಗೆ ಅರ್ಧ ಕಾರಣ ಇದೇ.

ಲೆಕ್ಕವನ್ನು ತಿರುಗಿಸಿ ಮಾಡಬೇಕು. ಮೊದಲು ಎಷ್ಟು ಎತ್ತರ, ಎಷ್ಟು ಹೊತ್ತು ಎಂದು ನಿರ್ಧರಿಸಿ, ಅದರಿಂದ ವೇಗ ಮತ್ತು ಗುರುತ್ವವನ್ನು ಪಡೆಯಬೇಕು. ಮೂರು ಚೌಕಕ್ಕಿಂತ ತುಸು ಹೆಚ್ಚು, ಅಂದರೆ 52 ಪಿಕ್ಸೆಲ್ ಎತ್ತರ. ತುದಿ ಮುಟ್ಟಲು 0.35 ಸೆಕೆಂಡ್. ಎತ್ತರದ ಎರಡರಷ್ಟನ್ನು ಹೊತ್ತಿನಿಂದ ಭಾಗಿಸಿದರೆ ಜಿಗಿತದ ವೇಗ 297. ಇನ್ನೊಮ್ಮೆ ಭಾಗಿಸಿದರೆ ಗುರುತ್ವ 849. ಇಳಿಯುವಾಗ ಗುರುತ್ವವನ್ನು 1.6 ಪಟ್ಟು ಹೆಚ್ಚಿಸಿ, ಇಲ್ಲದಿದ್ದರೆ ಪಾತ್ರ ಬಲೂನಿನ ಹಾಗೆ ತೇಲುತ್ತದೆ. ಓಟದ ವೇಗ 90 ಇಟ್ಟರೆ ಒಂದು ಜಿಗಿತಕ್ಕೆ ಸುಮಾರು 56 ಪಿಕ್ಸೆಲ್, ಮೂರೂವರೆ ಚೌಕ. ಆರಂಭದ ಹಂತಗಳಲ್ಲಿ ಎರಡು ಚೌಕದ ಕಂದಕ, ಕೊನೆಗೆ ಮೂರು. ಮೂರೂವರೆಯನ್ನು ಎಂದೂ ಕೇಳಬೇಡಿ. ಏರುವಾಗಲೇ ಗುಂಡಿ ಬಿಟ್ಟರೆ ಮೇಲ್ಮುಖ ವೇಗವನ್ನು ಅರ್ಧಕ್ಕಿಳಿಸಿ. ಮಾರಿಯೋದ ಚಿಕ್ಕ ಜಿಗಿತ, ದೊಡ್ಡ ಜಿಗಿತ ಎರಡೂ ಆ ಒಂದು ಸಾಲಿನಲ್ಲಿ ಬರುತ್ತವೆ.

ಇನ್ನರ್ಧ ಕಾರಣ ಕ್ಷಮೆಯ ಕೊರತೆ. ಮನುಷ್ಯರು ಅಂಚಿನಲ್ಲಿ ಸರಿಯಾದ ಕ್ಷಣಕ್ಕೆ ಗುಂಡಿ ಒತ್ತುವುದಿಲ್ಲ, ಒಂಚೂರು ತಡವಾಗಿ ಒತ್ತುತ್ತಾರೆ. ಕಂಪ್ಯೂಟರಿನ ಪ್ರಕಾರ ಕಾಲ ಕೆಳಗೆ ಆಗ ನೆಲವಿಲ್ಲ, ಹಾಗಾಗಿ ಜಿಗಿತವಿಲ್ಲ. ಆಡುವವರಿಗೆ ಮಾತ್ರ ಮೋಸವಾದಂತೆ ಭಾಸವಾಗುತ್ತದೆ. ನೆಲ ಬಿಟ್ಟ ಮೇಲೂ 0.1 ಸೆಕೆಂಡ್, ಅಂದರೆ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ವೇಗದಲ್ಲಿ ಆರು ಫ್ರೇಮ್, ಜಿಗಿಯಲು ಬಿಡಬೇಕು. ಇದಕ್ಕೆ ಕಯೋಟಿ ಟೈಮ್ ಎನ್ನುತ್ತಾರೆ. ನೆಲ ಮುಟ್ಟುವ 0.1 ಸೆಕೆಂಡ್ ಮೊದಲೇ ಒತ್ತಿದ್ದನ್ನೂ ನೆನಪಿಟ್ಟುಕೊಂಡು, ಮುಟ್ಟಿದೊಡನೆ ಜಿಗಿಸಬೇಕು. 2018ರ ಸೆಲೆಸ್ಟ್ ಕಡುಕಷ್ಟದ ಆಟವಾಗಿಯೂ ಯಾರನ್ನೂ ಸಿಡಿಮಿಡಿಗೊಳಿಸದೆ ಇರುವುದಕ್ಕೆ ಇಂಥ ಔದಾರ್ಯಗಳೇ ಕಾರಣ. ಅದರ ಮೂಲರೂಪವೂ 128×128 ಪಿಕ್ಸೆಲ್‌ನ ಪುಟ್ಟ ಪರದೆಗಾಗಿ ಇಬ್ಬರು ನಾಲ್ಕು ದಿನದಲ್ಲಿ ಮಾಡಿದ್ದು.

ಸ್ಕ್ರ್ಯಾಚ್‌ನಲ್ಲಿ ಮಾಡುವ ಶಾಲಾ ಮಕ್ಕಳ ತೊಂದರೆ ಬೇರೆ. ಅಲ್ಲಿ ಸೆಕೆಂಡಿಗೆ 30 ಫ್ರೇಮ್ ಮಾತ್ರ. ಪ್ರತಿ ಫ್ರೇಮಿಗೆ 20 ಹೆಜ್ಜೆ ಬೀಳುವ ಪಾತ್ರಕ್ಕೆ 15 ದಪ್ಪದ ಹಲಗೆ ಅಡ್ಡ ಬಂದರೆ, ಒಂದು ಫ್ರೇಮಿನಲ್ಲಿ ಹಲಗೆಯ ಮೇಲಿದ್ದ ಕಾಲು ಮುಂದಿನದರಲ್ಲಿ ಅದರ ಕೆಳಗಿರಬಹುದು; ಪಾತ್ರ ಹಲಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಒಂದೊಂದೇ ಹೆಜ್ಜೆ ಇಳಿಸಿ, ಪ್ರತಿ ಸಲ ತಾಗಿತೇ ಎಂದು ನೋಡುವ ಲೂಪ್ ಬರೆಯಬೇಕು, ಅದನ್ನು ಪರದೆ ರಿಫ್ರೆಶ್ ಆಗದ ಬ್ಲಾಕ್‌ನೊಳಗೆ ಇಡಬೇಕು. ಗೋಡೆಗೆ ಅಂಟಿಕೊಳ್ಳುವುದು ಇನ್ನೊಂದು ಕಾಟ. ನಡೆಯುವಾಗ ಬೀಸುವ ಕೈಕಾಲು ಗೋಡೆಯೊಳಗೆ ಹೋಗುತ್ತದೆ. ತಾಗಿತೇ ಎಂದು ನೋಡುವ ಮುನ್ನ ಸಾದಾ ಆಯತದ ಕಾಸ್ಟ್ಯೂಮ್‌ಗೆ (ಪಾತ್ರದ ಚಿತ್ರಕ್ಕೆ ಸ್ಕ್ರ್ಯಾಚ್‌ನಲ್ಲಿರುವ ಹೆಸರು) ಬದಲಿಸಿ, ನೋಡಿದ ಮೇಲೆ ಮನುಷ್ಯರೂಪಕ್ಕೆ ಮರಳಿಸಿದರೆ ಸಾಕು.

ಸೊಗಸಿನ ಮಾತಿಗೆ ಬಂದರೆ, ಕೊಡಗಿನಲ್ಲಿ ಕೂತು ಮಾಡಿದ ಆಟದಲ್ಲೂ ಇಟ್ಟಿಗೆ ಗೋಡೆ, ಹಸಿರು ಪೈಪು, ಅಣಬೆಗಳೇ ಇದ್ದರೆ ಬೇಸರವಾಗುತ್ತದೆ. ಈ ಜಿಲ್ಲೆಯ ಭೂಮಿಯೇ ಏರಿಳಿತದ್ದು. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅದಕ್ಕೆ ಒರಗಿಸಿದ ಬಿದಿರಿನ ಏಣಿ, ಆನೆ ಕಂದಕ, ನಿಸರ್ಗಧಾಮದಂಥ ತೂಗುಸೇತುವೆ, ಎಲೆಯಡಿಯಿಂದ ಕೊರಳೆತ್ತುವ ಜಿಗಣೆ: ಹಂತ ಕಟ್ಟಲು ಬೇಕಾದ್ದೆಲ್ಲ ಮನೆಯಂಗಳದಲ್ಲೇ ಇದೆ. ಜೀರುಂಡೆ ಸದ್ದನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ ಹಾಕಿದರೆ ಅದು ಬೇರೆ ಯಾವ ಆಟದಲ್ಲೂ ಇರದ ಸದ್ದು, ಹಕ್ಕುಸ್ವಾಮ್ಯದ ತಕರಾರೂ ಇಲ್ಲ. ಆಟದಲ್ಲಿ ಯಾವ ಕೆಲಸಕ್ಕೂ ಬಾರದೆ ಕಾಫಿ ಕಣದಲ್ಲಿ ಸುಮ್ಮನೆ ಮಲಗಿರುವ ನಾಯಿಯೊಂದನ್ನು ಬಿಡಿಸಿದ್ದರೆ, ದಯವಿಟ್ಟು ತೆಗೆಯಬೇಡಿ.

ಆದರೆ ಈ ನೆಲಕ್ಕೆ ಅದರದೇ ಆದ ಪೇಚುಗಳಿವೆ. ಏಣಿ ಹತ್ತುವಾಗ ಗುರುತ್ವವನ್ನು ಸೊನ್ನೆ ಮಾಡಿ ಪಾತ್ರವನ್ನು ಏಣಿಯ ನಡುಗೆರೆಗೆ ಎಳೆದುಕೊಳ್ಳಬೇಕು; ತುದಿಯಲ್ಲಿ ಕೆಳಗಿನಿಂದ ಹಾದುಹೋಗಬಹುದಾದ, ಮೇಲಿನಿಂದ ನಿಲ್ಲಬಹುದಾದ ಹಲಗೆ ಇರಬೇಕು. ಇಲ್ಲವಾದರೆ ತುದಿ ತಲುಪಿದ ಪಾತ್ರ ಹತ್ತುವುದಕ್ಕೂ ಬೀಳುವುದಕ್ಕೂ ನಡುವೆ ಸಿಕ್ಕಿ ಗಡಗಡ ನಡುಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಬಣ್ಣದ್ದು. ಕಾಫಿ ಗಿಡ, ಬಳ್ಳಿ, ಗುಡ್ಡ ಎಲ್ಲವೂ ಹಸಿರೇ ಆದಾಗ ಯಾವುದರ ಮೇಲೆ ನಿಲ್ಲಬಹುದು, ಯಾವುದು ಬರೀ ಹಿನ್ನೆಲೆ ಎಂದು ತಿಳಿಯುವುದಿಲ್ಲ. ಇದಕ್ಕೆ ಮಂಜೇ ಉತ್ತರ. ದೂರದ ಗುಡ್ಡಗಳನ್ನು ತೆಳು ಬೂದುನೀಲಿಗೆ ಇಳಿಸಿ, ಅವು ಕ್ಯಾಮೆರಾದ ಐದನೇ ಒಂದು ಭಾಗದ ವೇಗದಲ್ಲಿ ಸರಿಯಲಿ; ನಡುವಿನ ಮರಗಳು ಅರ್ಧ ವೇಗದಲ್ಲಿ. ಕಾಲಿಡುವ ಜಾಗದ ಮೇಲಂಚಿಗೆ ಮಾತ್ರ ಗಾಢ ಗೆರೆ ಕೊಡಿ. ಸ್ಕ್ರೀನ್‌ಶಾಟ್ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ದಾರಿ ಆಗಲೂ ಕಂಡರೆ ಗೆದ್ದಂತೆ. ಮಳೆಗೆ ಸಾವಿರಾರು ಹನಿಗಳನ್ನು ಒಂದೊಂದಾಗಿ ಸುರಿಸಿದರೆ ಹಳೆಯ ಫೋನ್ ಬಿಸಿಯಾಗಿ ಕುಂಟುತ್ತದೆ. ಗೆರೆಗಳಿರುವ ಒಂದೇ ಚಿತ್ರವನ್ನು ಓರೆಯಾಗಿ ಸರಿಸುತ್ತಿದ್ದರೆ ಅದೇ ಜಡಿಮಳೆ.

ಅಕ್ಷರದ ಸಮಸ್ಯೆ ನಮ್ಮ ಪಾಲಿಗೆ ವಿಶೇಷ. ಕನ್ನಡವಿರಲಿ, ಕನ್ನಡ ಲಿಪಿಯಲ್ಲಿ ಬರೆಯುವ ಕೊಡವ ತಕ್ಕ್ ಅಥವಾ ಅರೆಭಾಷೆಯಿರಲಿ, ಒತ್ತಕ್ಷರ ಕೂಡಿಸುವ ಬುದ್ಧಿ ಗೋಡೋ 3ಕ್ಕೆ ಇರಲಿಲ್ಲ. "ಅಪ್ಪ" ಎನ್ನುವುದು "ಅಪ್‌ಪ" ಎಂದು ಒಡೆದು ಬೀಳುತ್ತಿತ್ತು. 2023ರ ಗೋಡೋ 4 ಇದನ್ನು ಸರಿಪಡಿಸಿತು. ನೋಟೋ ಸಾನ್ಸ್ ಕನ್ನಡ ಫಾಂಟ್ ಉಚಿತ, ಆಟದ ಜೊತೆ ಸೇರಿಸಿ ಕೊಡಬಹುದು. ಆದರೆ ಇಂಗ್ಲಿಷಿಗೆ ಸಾಕಾಗುವ 8 ಪಿಕ್ಸೆಲ್ ಎತ್ತರದಲ್ಲಿ ಮೇಲಿನ ಗುಣಿತ, ಕೆಳಗಿನ ಒತ್ತು ಎರಡೂ ಹಿಡಿಯುವುದಿಲ್ಲ. ಆಟದ ಚಿತ್ರ 320×180ರಲ್ಲೇ ಇರಲಿ, ಮಾತುಗಳ ಪದರವನ್ನು ಮಾತ್ರ ಪರದೆಯ ಪೂರ್ಣ ಗಾತ್ರದಲ್ಲಿ ಬಿಡಿಸಿ. ಹಾಗೆಯೇ, ಚಿತ್ರವನ್ನು ಹಿಗ್ಗಿಸುವಾಗ ಪೂರ್ಣ ಸಂಖ್ಯೆಯ ಪಟ್ಟಿನಲ್ಲೇ ಹಿಗ್ಗಿಸಬೇಕು. 1366×768ರ ಲ್ಯಾಪ್‌ಟಾಪಿನಲ್ಲಿ ನಾಲ್ಕು ಪಟ್ಟು ಮಾಡಿ, ಸುತ್ತ ಕಪ್ಪು ಅಂಚು ಬಿಟ್ಟರೂ ಪರವಾಗಿಲ್ಲ. ತುಂಬಿಸಲು ಎಳೆದರೆ ಕೆಲವು ಪಿಕ್ಸೆಲ್ ದಪ್ಪ, ಕೆಲವು ಸಣ್ಣ ಆಗಿ ಪಾತ್ರ ನಡೆಯುವಾಗ ಮುಖ ಸೊಟ್ಟಗಾಗುತ್ತದೆ.

ಆಟವನ್ನು ಊರಾಚೆಗೆ ಮುಟ್ಟಿಸಲು ಇಚ್.ಐಒ ಜಾಲತಾಣ ಒಳ್ಳೆಯ ದಾರಿ, ಅಲ್ಲಿ ಹಾಕಲು ಶುಲ್ಕವಿಲ್ಲ. ಪ್ಲೇ ಸ್ಟೋರ್‌ಗೆ ಒಮ್ಮೆ 25 ಡಾಲರ್ ಕಟ್ಟಬೇಕು. ಹೊಸ ವೈಯಕ್ತಿಕ ಖಾತೆಯಾದರೆ 12 ಮಂದಿ ಪರೀಕ್ಷಕರು 14 ದಿನ ಬಿಡದೆ ಜೊತೆಗಿರಬೇಕು. ಆ ಹನ್ನೆರಡು ಮಂದಿಯನ್ನು ಲೆಕ್ಕ ಭರ್ತಿಗಷ್ಟೇ ಇಟ್ಟುಕೊಳ್ಳಬೇಡಿ. ಅವರು ಆಡುವಾಗ ಪಕ್ಕದಲ್ಲಿ ಕೂತು, ಬಾಯಿ ಬಿಡದೆ, ಎಲ್ಲಿ ಸತ್ತರೆಂದು ಹಂತದ ನಕ್ಷೆಯ ಮೇಲೆ ಚುಕ್ಕಿ ಇಡಿ. ಚುಕ್ಕಿಗಳು ಹರಡಿಕೊಂಡಿದ್ದರೆ ಹಂತ ಕಷ್ಟದ್ದು, ಅಷ್ಟೆ. ಒಂದೇ ಕಂದಕದಲ್ಲಿ ಗುಂಪುಗೂಡಿದ್ದರೆ ಅಲ್ಲಿನ ಅಗಲವನ್ನು ಚೌಕಗಳಲ್ಲಿ ಮತ್ತೊಮ್ಮೆ ಎಣಿಸಿ.