ಮೂಟೆ ಬಿಚ್ಚಿದ್ದು ಯಾವಾಗ?

"ತಿಂಗಳಿಗೆ ಎಷ್ಟು ಕೆಜಿ ಅಕ್ಕಿ ಬೇಕಾಗುತ್ತೆ?" ಬೆಂಗಳೂರಲ್ಲಿ ಮನೆಮನೆ ಸುತ್ತಿ ಊಟದ ಖರ್ಚಿನ ಲೆಕ್ಕ ತೆಗೆಯುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗೇ ಕೇಳುತ್ತಿದ್ದೆ. ಲಗ್ಗೆರೆಯಲ್ಲಿ ಒಬ್ಬ ಅಕ್ಕ ನಕ್ಕುಬಿಟ್ಟರು. "ಕೆಜಿ ಯಾರು ನೋಡ್ತಾರೆ ಸಾರ್, ಬೆಳಗ್ಗೆ ಎರಡು ಪಾವು, ರಾತ್ರಿ ಒಂದು. ನಲವತ್ತು ದಿನಕ್ಕೆ ಮೂಟೆ ಖಾಲಿ." ಅವತ್ತಿನಿಂದ ನಾನು ಕೇಳುವುದು ಎರಡೇ ಮಾತು, ದಿನಕ್ಕೆ ಎಷ್ಟು ಪಾವು, ಈ ಮೂಟೆ ಬಿಚ್ಚಿದ್ದು ಯಾವಾಗ. ಪಾವನ್ನೂ ತೂಗಿ ನೋಡುತ್ತೇನೆ, ಯಾಕೆಂದರೆ ಒಬ್ಬರ ಮನೆಯ ಪಾವು ಸ್ಟೀಲ್ ಲೋಟ, ಇನ್ನೊಬ್ಬರದು ಕುಕ್ಕರ್ ಜೊತೆ ಬಂದ ಪ್ಲಾಸ್ಟಿಕ್ ಕಪ್ಪು.

ರೇಟು ಏರಿದರೆ ಜನ ಕಡಿಮೆ ಕೊಳ್ಳುತ್ತಾರೆ ಅಂತ ನಾವು ಓದಿದ್ದೇವೆ ಅಲ್ವಾ? ಪಾವು ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ಕೆಜಿಗೆ 5 ರೂಪಾಯಿ ಏರಿದರೆ 26 ಕೆಜಿ ಮೂಟೆಗೆ 130 ಜಾಸ್ತಿ. (26 ಯಾಕೆ ಅಂದರೆ, 2022ರ ಜುಲೈನಲ್ಲಿ ಲೇಬಲ್ ಹಚ್ಚಿದ 25 ಕೆಜಿವರೆಗಿನ ಪ್ಯಾಕಿಗೆ 5% ಜಿಎಸ್‌ಟಿ ಬಿತ್ತು, ಮಿಲ್ಲಿನವರು ಒಂದು ಕೆಜಿ ಸೇರಿಸಿ ಜಾರಿಕೊಂಡರು.) ಮನೆಯವರು ಆ 130 ಉಳಿಸುವುದು ಹಳೇ ಸೋನಾ ಮಸೂರಿ ಬಿಟ್ಟು ಹೊಸ ಅಕ್ಕಿಗೆ ಇಳಿದು. ತಮಾಷೆ ಏನಂದರೆ ಹೊಸ ಅಕ್ಕಿ ಹಳೇದರಷ್ಟು ಅರಳುವುದಿಲ್ಲ, ಹಾಗಾಗಿ ಪಾವಿನ ಮೇಲೆ ಇನ್ನೊಂದು ಹಿಡಿ ಬೀಳುತ್ತದೆ. ರೇಟೂ ಏರಿತು, ಅಕ್ಕಿಯೂ ಜಾಸ್ತಿ ಹೋಯಿತು!

ರೇಷನ್ ಅಕ್ಕಿ ಬಂದರೆ ಅಂಗಡಿ ಅಕ್ಕಿ ಅಷ್ಟೇ ಕಡಿಮೆಯಾಗುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಅದು ಹೋಗುವುದು ದೋಸೆ, ಇಡ್ಲಿ ಹಿಟ್ಟಿಗೆ. ಅನ್ನದ ಡಬ್ಬವೇ ಬೇರೆ. 2023ರ ಜುಲೈನಿಂದ ಅನ್ನಭಾಗ್ಯದಲ್ಲಿ ಹೆಚ್ಚುವರಿ 5 ಕೆಜಿ ಅಕ್ಕಿ ಬದಲು ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತಲ್ಲ, ಆ ದುಡ್ಡು ಗ್ಯಾಸಿಗೆ ಹೋಯ್ತು, ಮಕ್ಕಳ ಫೀಸಿಗೆ ಹೋಯ್ತು, ಅಕ್ಕಿಗೆ ಅಂತ ಎತ್ತಿಟ್ಟವರನ್ನು ನಾನು ಕಂಡಿದ್ದು ಕಡಿಮೆ.

ರಾಗಿಯದು ಇನ್ನೊಂದು ಕತೆ. 2023ನ್ನು ಸಿರಿಧಾನ್ಯ ವರ್ಷ ಅಂತ ಎಷ್ಟೇ ಮೆರೆಸಿದರೂ ಮುದ್ದೆ ಕಟ್ಟುವವರು ಮನೆಯಲ್ಲಿ ಇರಬೇಕಲ್ಲ.

ಕೇಂದ್ರ ಸರ್ಕಾರದ 2022-23ರ ಮನೆಖರ್ಚಿನ ಸರ್ವೆಯಲ್ಲಿ ದೇಶದ ನಗರಗಳ ಮನೆಗಳ ಖರ್ಚಿನಲ್ಲಿ ಅಕ್ಕಿ, ಗೋಧಿ, ರಾಗಿ ಎಲ್ಲ ಸೇರಿ ಪಾಲು 4%ಗಿಂತ ಕಡಿಮೆ. 1999-2000ರಲ್ಲಿ ಸುಮಾರು 12% ಇತ್ತು. ಇದನ್ನು ನೋಡಿ ಜನ ಅನ್ನ ಬಿಟ್ಟರು ಅನ್ನುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಸಂಬಳ ಏರಿದರೆ ಹೊಟ್ಟೆ ದೊಡ್ಡದಾಗುವುದಿಲ್ಲ, ಪಾಲು ಇಳಿಯಲೇಬೇಕು. ಜೊತೆಗೆ ದರ್ಶಿನಿಯ ಪಲಾವು, ಬಿಸಿಬೇಳೆಬಾತು ಅಕ್ಕಿಯ ಲೆಕ್ಕದಲ್ಲಿ ಬರುವುದಿಲ್ಲ, ಹೊರಗಿನ ತಿಂಡಿಯ ಲೆಕ್ಕಕ್ಕೆ ಹೋಗುತ್ತದೆ.

ಲಗ್ಗೆರೆ ಅಕ್ಕನ ಮನೆಗೆ ಮೊನ್ನೆ ಮತ್ತೆ ಹೋಗಿದ್ದೆ. ಮಗನಿಗೆ ಆಫೀಸಿನಲ್ಲೇ ಊಟ, ಮಗಳು ಪಿಜಿಯಲ್ಲಿ, ದೋಸೆ ಹಿಟ್ಟು ಪ್ಯಾಕೆಟ್ಟಿನದು. ಈಗ ದಿನಕ್ಕೆ ಒಂದೇ ಪಾವು. ಮೂರು ತಿಂಗಳಾದರೂ ಮೂಟೆ ಮುಗಿದಿಲ್ಲ, ಹುಳ ಬಿದ್ದಿದೆ, ಅಕ್ಕ ಮೊರ ಹಿಡಿದು ಕೂತಿದ್ದರು. "ಇನ್ಮೇಲೆ 10 ಕೆಜಿದೇ ತರಿಸ್ತೀನಿ ಸಾರ್" ಅಂದರು. ಅದಕ್ಕೆ ಜಿಎಸ್‌ಟಿ ಬೀಳುತ್ತೆ ಅಂತ ಹೇಳಲು ಹೋಗಲಿಲ್ಲ.