ಎಕ್ಸ್‌ಪಿಗೆ ಕಾಣದ ಡಿಸ್ಕ್

ತಿಪಟೂರಿನ ವೇಬ್ರಿಡ್ಜ್ ಒಂದರಲ್ಲಿ ಇಂದಿಗೂ ವಿಂಡೋಸ್ ಎಕ್ಸ್‌ಪಿಯೇ ಗತಿ. ಲಾರಿಯ ತೂಕವನ್ನು ಚೀಟಿಗೆ ಇಳಿಸುವ ತಂತ್ರಾಂಶ ಅದರಲ್ಲಿ ಮಾತ್ರ ಓಡುತ್ತದೆ. ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲಿ ಎಕ್ಸ್‌ಪಿಯ ಕೈ ಬಿಟ್ಟಿತು. ಕೊಬ್ಬರಿ ಲಾರಿಗಳು ಬಿಡಲಿಲ್ಲ.

ಇಂಥ ಕಂಪ್ಯೂಟರುಗಳಿಗೆ ಬರುವ ಕಾಯಿಲೆಯೊಂದಿದೆ. ಬೆಳಗ್ಗೆ ಸ್ವಿಚ್ ಒತ್ತಿದರೆ ಎಕ್ಸ್‌ಪಿಯ ಲಾಂಛನ ಮೂಡುತ್ತದೆ, ಕೆಳಗಿನ ಪಟ್ಟಿ ಒಂದೆರಡು ಸುತ್ತು ಓಡುತ್ತದೆ, ನೀಲಿ ಪರದೆ ಮಿಂಚಿ ಮಾಯವಾಗುತ್ತದೆ, ಮತ್ತೆ ಮೊದಲಿನಿಂದ ಶುರು. ‘ಹಾರ್ಡ್ ಡಿಸ್ಕ್ ಹೋಗಿದೆ ಸಾರ್’ ಎಂಬ ತೀರ್ಪು ತಕ್ಷಣ ಸಿಗುತ್ತದೆ. ಡಿಸ್ಕ್ ಪೂರ್ತಿ ಹೋಗಿದ್ದರೆ ಲಾಂಛನ ಎಲ್ಲಿಂದ ಬಂತು?

ಬಂದದ್ದು ಬಯೋಸ್‌ನ ದಯೆಯಿಂದ. ಮದರ್‌ಬೋರ್ಡ್‌ನ ಚಿಪ್‌ನಲ್ಲಿ ನೆಲೆಸಿರುವ ಈ ಪುಟ್ಟ ತಂತ್ರಾಂಶ ಡಿಸ್ಕನ್ನು ತಾನೇ ಓದಿ, ಎಕ್ಸ್‌ಪಿಯ ತಿರುಳನ್ನೂ ಯಂತ್ರದ ಭಾಗಗಳನ್ನು ಮಾತನಾಡಿಸುವ ಡ್ರೈವರ್ ಎಂಬ ಕೆಲವು ತಂತ್ರಾಂಶಗಳನ್ನೂ ಮೆಮೊರಿಗೆ ತಂದುಕೊಡುತ್ತದೆ. ಅಲ್ಲಿಂದಾಚೆಗೆ ಎಕ್ಸ್‌ಪಿ ಸ್ವಂತ ಡ್ರೈವರ್ ಮೂಲಕವೇ ಡಿಸ್ಕನ್ನು ಮಾತನಾಡಿಸಬೇಕು. 2001ರಲ್ಲಿ ಹುಟ್ಟಿದ ಅದಕ್ಕೆ ಗೊತ್ತಿರುವುದು ಐಡಿಇ ಎಂಬ ಹಳೆಯ ಪದ್ಧತಿ. ಸಾಟಾ ಎಂಬ ಹೊಸ ಬಗೆಯ ಜೋಡಣೆಯ ಡಿಸ್ಕ್‌ಗಳಿಗಾಗಿ ಬಂದ ಎಎಚ್‌ಸಿಐ ಪದ್ಧತಿ 2004ರದು. ಅದರ ಡ್ರೈವರ್ ಎಕ್ಸ್‌ಪಿಯ ಸಿಡಿಯಲ್ಲಿಲ್ಲ. ಬಯೋಸ್‌ನಲ್ಲಿ ಎಎಚ್‌ಸಿಐ ಆಯ್ಕೆಯಾಗಿದ್ದರೆ, ತಾನು ಯಾವ ಡಿಸ್ಕಿನಿಂದ ಎದ್ದು ಬಂದಿತೋ ಅದೇ ಎಕ್ಸ್‌ಪಿಗೆ ಕಾಣುವುದಿಲ್ಲ. ನೀಲಿ ಪರದೆಯನ್ನು ತಡೆದು ನಿಲ್ಲಿಸಿ ಓದಿದರೆ 7ಬಿ ಎಂದು ಮುಗಿಯುವ ಸಂಕೇತ ಸಿಗುತ್ತದೆ.

ನಿನ್ನೆಯವರೆಗೆ ಸರಿಯಿದ್ದದ್ದು ಇಂದೇಕೆ ಕೆಟ್ಟಿತು? ಬೋರ್ಡಿನ ಮೇಲೆ ಸಿಆರ್2032 ಎಂಬ 3 ವೋಲ್ಟಿನ ದುಂಡನೆಯ ಸೆಲ್ ಇರುತ್ತದೆ. ಅದು ಸೊರಗಿದ ಮೇಲೆ ರಾತ್ರಿ ಕರೆಂಟು ಹೋದರೆ ಬಯೋಸ್ ತನ್ನ ಆಯ್ಕೆಗಳನ್ನು ಮರೆತು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತದೆ. ಹಲವು ಬೋರ್ಡ್‌ಗಳಲ್ಲಿ ಆ ಸ್ಥಿತಿಯೇ ಎಎಚ್‌ಸಿಐ. ಗಡಿಯಾರವೂ ಎಷ್ಟೋ ವರ್ಷ ಹಿಂದಿನ ತಾರೀಖು ತೋರಿಸುತ್ತಿದ್ದರೆ ಕಳ್ಳ ಸಿಕ್ಕಿದಂತೆಯೇ. ತೂಕದ ಚೀಟಿಯ ಮೇಲೆ ತಪ್ಪು ತಾರೀಖು ಬಿದ್ದರೆ ಅದು ಬೇರೆಯದೇ ರಗಳೆ.

ಆದ್ದರಿಂದ ಮೊದಲು ಸೆಲ್ ಬದಲಿಸಬೇಕು. ಬಳಿಕ ಕಂಪ್ಯೂಟರ್ ಏಳುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್ ಹೊಕ್ಕು, ಸಾಟಾ ಮೋಡ್ ಎಂಬ ಸಾಲನ್ನು ಐಡಿಇಗೆ ತಿರುಗಿಸಿ ಉಳಿಸಬೇಕು. ಕೆಲವು ಬೋರ್ಡ್‌ಗಳಲ್ಲಿ ಇದರ ಹೆಸರು ಕಂಪ್ಯಾಟಿಬಲ್. ಪಕ್ಕದಲ್ಲಿರುವ, ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ರೇಡ್‌ನ ತಂಟೆ ಬೇಡ. ಐಡಿಇಗೆ ತಿರುಗಿಸಿದರೆ ಡಿಸ್ಕಿನ ಮೇಲಿನ ಒಂದಕ್ಷರವೂ ಅಳಿಸಿಹೋಗುವುದಿಲ್ಲ. ಹಳೆಯ ಪದ್ಧತಿಗೆ ಇಳಿದರೆ ವೇಗ ಹಾಳು ಎಂದು ಹೆದರಿಸುವವರಿದ್ದಾರೆ. ಎಎಚ್‌ಸಿಐನಲ್ಲಿ ಡಿಸ್ಕ್ 32 ಆಜ್ಞೆಗಳವರೆಗೆ ಸಾಲಿಗೆ ಹಚ್ಚಿ ತನಗೆ ಅನುಕೂಲವಾದ ಕ್ರಮದಲ್ಲಿ ಪೂರೈಸಬಲ್ಲದು, ನಿಜ. ಒಂದೊಂದೇ ಲಾರಿ ತೂಗುವ ಕಡೆ ಆ ಸೌಲಭ್ಯಕ್ಕೆ ಕೆಲಸವೇ ಇಲ್ಲ.

ಡಿಸ್ಕ್ ನಿಜಕ್ಕೂ ಕೆಟ್ಟು ಹೊಸದು ಹಾಕುವುದಾದರೆ ಗಾತ್ರ ನೋಡಿಕೊಳ್ಳಬೇಕು. ಮೈಕ್ರೋಸಾಫ್ಟ್ ಕೊಟ್ಟ ತಿದ್ದುಪಡಿಗಳ ಮೊದಲ ಕಂತಾದ ಸರ್ವಿಸ್ ಪ್ಯಾಕ್ 1 ಇಲ್ಲದ ಎಕ್ಸ್‌ಪಿಗೆ 137 ಜಿಬಿಯ ಆಚೆ ಕಾಣದು. ಅದಿದ್ದರೂ ಡಿಸ್ಕನ್ನು ಭಾಗ ಮಾಡುವ ಎಂಬಿಆರ್ ಎಂಬ ಹಳೆಯ ಪದ್ಧತಿಯ ಮಿತಿ ಸುಮಾರು 2.2 ಟಿಬಿ. ಐಡಿಇ ಆಯ್ಕೆಯನ್ನೇ ಕೈಬಿಟ್ಟ ಬೋರ್ಡ್ ಆದರೆ ಎಕ್ಸ್‌ಪಿ ಹಾಕುವಾಗ ಎಫ್6 ಒತ್ತಿ ಫ್ಲಾಪಿಯಿಂದ ಎಎಚ್‌ಸಿಐ ಡ್ರೈವರ್ ಉಣಿಸಬೇಕು. ಫ್ಲಾಪಿ ಎಲ್ಲಿಂದ ತರುವುದು ಎನ್ನುವವರು ಡ್ರೈವರನ್ನು ಮೊದಲೇ ಬೆರೆಸಿದ ಸಿಡಿ ತಯಾರಿಸಿಕೊಳ್ಳಬಹುದು, ಆ ಬೋರ್ಡಿಗೆ ಎಕ್ಸ್‌ಪಿಯ ಡ್ರೈವರ್ ಸಿಗುವುದಾದರೆ.