ಬಂದ ಪೋರ್ಟ್ ನೋಡಿ ಕಳುಹಿಸಬೇಕೆ, ಬಂದ ವಿಳಾಸ ನೋಡಿಯೆ?

ಓದುಗರ ಪ್ರಶ್ನೆ: ನಮ್ಮ ಸಂಸ್ಥೆಯ ಒಂದೇ ಸರ್ವರ್‌ನಲ್ಲಿ ಸಾರ್ವಜನಿಕ ಜಾಲತಾಣವೂ ಸಿಬ್ಬಂದಿ ಬಳಸುವ ಆಡಳಿತ ತಂತ್ರಾಂಶವೂ ಇವೆ. ಅವುಗಳ ಮುಂದೆ ಎಚ್‌ಎಪ್ರಾಕ್ಸಿ (ಬಂದ ಕೋರಿಕೆಗಳನ್ನು ತಕ್ಕ ತಂತ್ರಾಂಶಕ್ಕೆ ತಿರುಗಿಸುವ ಪ್ರಾಕ್ಸಿ) ಇಟ್ಟು, ಕಚೇರಿಯ ಐಪಿ ವಿಳಾಸದಿಂದ ಬಂದವರನ್ನು ಆಡಳಿತ ತಂತ್ರಾಂಶಕ್ಕೂ ಉಳಿದವರನ್ನು ಜಾಲತಾಣಕ್ಕೂ ಕಳುಹಿಸಬಹುದೆ?

ಕಳುಹಿಸಬಹುದು, ಆದರೆ ವಿಳಾಸವೊಂದನ್ನೇ ನೋಡಿ ದಾರಿ ತಿರುಗಿಸಿದರೆ ಕಚೇರಿಯಲ್ಲಿ ಕುಳಿತವರಿಗೆ ನಿಮ್ಮದೇ ಸಾರ್ವಜನಿಕ ಜಾಲತಾಣ ಕಾಣದಂತಾಗುತ್ತದೆ. ಬಂದವರು ಯಾವುದನ್ನು ಕೇಳುತ್ತಿದ್ದಾರೆ ಎಂಬುದನ್ನು ಪೋರ್ಟಿನಿಂದ (ಸಂಪರ್ಕ ಬಂದು ಸೇರುವ ಬಾಗಿಲಿನ ಸಂಖ್ಯೆಯಿಂದ) ತಿಳಿಯಬೇಕು, ಅದನ್ನು ಕೇಳಲು ಅವರಿಗೆ ಅನುಮತಿ ಇದೆಯೇ ಎಂಬುದನ್ನು ವಿಳಾಸದಿಂದ ನಿರ್ಧರಿಸಬೇಕು. ಈ ಎರಡು ಕೆಲಸಗಳನ್ನು ಬೇರೆಯಾಗಿಟ್ಟರೆ ಗೊಂದಲದ ಬಹುಪಾಲು ಅಲ್ಲಿಗೇ ತೀರುತ್ತದೆ.

ಎಚ್‌ಎಪ್ರಾಕ್ಸಿಯ ಒಂದೇ ಫ್ರಂಟ್‌ಎಂಡ್ (ಸಂಪರ್ಕಗಳನ್ನು ಸ್ವೀಕರಿಸುವ ಭಾಗ) ಜಾಲತಾಣದ 443 ಮತ್ತು ಆಡಳಿತ ತಂತ್ರಾಂಶದ 8443 ಎರಡೂ ಪೋರ್ಟ್‌ಗಳಲ್ಲಿ ಆಲಿಸಬಲ್ಲದು. 8443ಕ್ಕೆ ಬಂದ ಕೋರಿಕೆಯ ಮೂಲ ವಿಳಾಸ ಕಚೇರಿಯದಲ್ಲದಿದ್ದರೆ ನಿರಾಕರಿಸು ಎಂಬುದು ಮೊದಲ ನಿಯಮ, 8443ಕ್ಕೆ ಬಂದ ಉಳಿದದ್ದನ್ನು ಆಡಳಿತದ ಬ್ಯಾಕ್‌ಎಂಡ್‌ಗೆ (ಕೋರಿಕೆಗೆ ಉತ್ತರಿಸುವ ಹಿಂದಿನ ತಂತ್ರಾಂಶಕ್ಕೆ) ಕಳುಹಿಸು ಎಂಬುದು ಎರಡನೆಯದು. ಯಾವ ನಿಯಮಕ್ಕೂ ಸಿಗದ್ದು ಡೀಫಾಲ್ಟ್ ಬ್ಯಾಕ್‌ಎಂಡ್ ಆದ ಜಾಲತಾಣಕ್ಕೆ ಹೋಗುತ್ತದೆ. ಬ್ಯಾಕ್‌ಎಂಡ್ ಆಯ್ಕೆಯ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದಲಾಗುತ್ತದೆ, ಮೊದಲು ಹೊಂದಿದ್ದೇ ಅಂತಿಮ. ಆದ್ದರಿಂದ ವಿಶಾಲವಾದ ನಿಯಮವನ್ನು ಮೇಲೆ ಬರೆದರೆ ಅದರ ಕೆಳಗಿರುವ ಸೂಕ್ಷ್ಮ ನಿಯಮಗಳಿಗೆ ಸರದಿಯೇ ಬರುವುದಿಲ್ಲ.

ಹೆಚ್ಚಿನ ಎಚ್ಚರ ಬೇಕಾದದ್ದು ಮೂಲ ವಿಳಾಸದ ವಿಷಯದಲ್ಲಿ. ಸರ್ವರ್ ಕ್ಲೌಡ್‌ನಲ್ಲಿದ್ದರೆ ನಿಮ್ಮ ಕಚೇರಿಯೊಳಗಿನ 192.168 ಅಥವಾ 10ರಿಂದ ಆರಂಭವಾಗುವ ವಿಳಾಸಗಳು ಅಂತರ್ಜಾಲ ದಾಟಿ ಅಲ್ಲಿಗೆ ತಲುಪುವುದೇ ಇಲ್ಲ. ತಲುಪುವುದು ಕಚೇರಿಯ ಸಾರ್ವಜನಿಕ ವಿಳಾಸ, ಅದು ಸ್ಥಿರವಾಗಿರದಿದ್ದರೆ ಇಂದು ನಡೆದ ನಿಯಮ ನಾಳೆ ನಡೆಯದು. ಪ್ರಾಕ್ಸಿಯ ಮುಂದೆ ಸಿಡಿಎನ್ (ಪುಟಗಳನ್ನು ಓದುಗರ ಸಮೀಪದಿಂದ ಒದಗಿಸುವ ಸರ್ವರ್‌ಗಳ ಜಾಲ) ಅಥವಾ ಇನ್ನೊಂದು ಲೋಡ್ ಬ್ಯಾಲೆನ್ಸರ್ (ಕೋರಿಕೆಗಳನ್ನು ಹಂಚುವ ಯಂತ್ರ) ಇದ್ದರೆ, ಎಲ್ಲ ಸಂಪರ್ಕಗಳೂ ಆ ಯಂತ್ರದ ವಿಳಾಸದಿಂದಲೇ ಬಂದಂತೆ ಕಾಣುತ್ತವೆ. ಡಾಕರ್‌ನೊಳಗೆ (ತಂತ್ರಾಂಶವನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು ನಡೆಸುವ ಸಾಧನದೊಳಗೆ) ಪ್ರಾಕ್ಸಿ ನಡೆಸುವವರ ಲಾಗ್‌ನಲ್ಲಿ, ಅಂದರೆ ಸಂಪರ್ಕಗಳ ದಾಖಲೆಯಲ್ಲಿ, ಸಾಲುಸಾಲಾಗಿ 172.17.0.1 ಕಾಣಿಸಿಕೊಳ್ಳುವುದಕ್ಕೂ ಇಂಥದೇ ಕಾರಣ: ಅದು ಡಾಕರ್ ಸೇತುವೆಯ ವಿಳಾಸವೇ ಹೊರತು ಬಂದವರದಲ್ಲ. ಅದನ್ನು ಕಚೇರಿಯ ವಿಳಾಸವೆಂದು ಬಗೆದು ಅನುಮತಿ ಕೊಟ್ಟರೆ ಇಡೀ ಜಗತ್ತಿಗೆ ಅನುಮತಿ ಕೊಟ್ಟಂತೆ.

ಪ್ರಾಕ್ಸಿಯ ಮುಂದಿರುವ ಯಂತ್ರವು ನಿಜವಾದ ವಿಳಾಸವನ್ನು ಎಕ್ಸ್-ಫಾರ್ವರ್ಡೆಡ್-ಫಾರ್ ಎಂಬ ಹೆಡರ್‌ನಲ್ಲಿ (ಕೋರಿಕೆಯ ಜೊತೆ ಹೋಗುವ ಟಿಪ್ಪಣಿಯಲ್ಲಿ) ಬರೆದು ಕಳುಹಿಸುತ್ತದೆ, ನಿಜ. ಆದರೆ ಆ ಹೆಡರನ್ನು ಯಾರು ಬೇಕಾದರೂ ತಮಗೆ ಬೇಕಾದಂತೆ ಬರೆದು ಕಳುಹಿಸಬಹುದು. ಸಂಪರ್ಕವು ನಿಮಗೆ ಗೊತ್ತಿರುವ ಸಿಡಿಎನ್ ವಿಳಾಸದಿಂದಲೇ ಬಂದಾಗ ಮಾತ್ರ, ಅದರಲ್ಲೂ ಆ ಸಿಡಿಎನ್ ಸೇರಿಸಿದ ಕೊನೆಯ ವಿಳಾಸವನ್ನು ಮಾತ್ರ ನಂಬಬೇಕು. ಎರಡೂ ಯಂತ್ರಗಳು ನಿಮ್ಮ ಹತೋಟಿಯಲ್ಲಿದ್ದರೆ ಪ್ರಾಕ್ಸಿ ಪ್ರೋಟೋಕಾಲ್ ಬಳಸುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ಅದು ಸಂಪರ್ಕದ ಆರಂಭದಲ್ಲಿಯೇ ಮೂಲ ವಿಳಾಸವನ್ನು ತಿಳಿಸುತ್ತದೆ. ಅಲ್ಲಿಯೂ ಆ ಪೋರ್ಟನ್ನು ಪ್ರಾಕ್ಸಿಯ ಮುಂದಿರುವ ಯಂತ್ರ ಮಾತ್ರ ಮುಟ್ಟುವಂತೆ ಫೈರ್‌ವಾಲ್ ಇರಬೇಕು.

ಮನೆಯಿಂದ ಕೆಲಸ ಮಾಡುವ ಸಿಬ್ಬಂದಿಗಾಗಿ ಮೊಬೈಲ್ ಜಾಲದ ವಿಳಾಸಗಳನ್ನು ಪಟ್ಟಿಗೆ ಸೇರಿಸಬೇಡಿ: ಅಲ್ಲಿ ಒಂದೇ ಸಾರ್ವಜನಿಕ ಐಪಿವಿ4 ವಿಳಾಸವನ್ನು ಅನೇಕ ಗ್ರಾಹಕರು ಹಂಚಿಕೊಂಡಿರುತ್ತಾರೆ. ಅವರಿಗೆ ವಿಪಿಎನ್ ಕೊಟ್ಟು, ಅದರ ವಿಳಾಸಗಳಿಗಷ್ಟೇ ಅನುಮತಿ ನೀಡಿ. ತಂತ್ರಾಂಶದ ಲಾಗಿನ್ ಹೇಗೂ ಇರಲೇಬೇಕು. ಹಾಗೆಯೇ ಆಡಳಿತ ತಂತ್ರಾಂಶ ಸ್ವತಃ 127.0.0.1ರಲ್ಲಿ (ಯಂತ್ರವು ತನ್ನನ್ನೇ ಸೂಚಿಸುವ ವಿಳಾಸದಲ್ಲಿ) ಮಾತ್ರ ಆಲಿಸಲಿ, ಇಲ್ಲವಾದರೆ ಪ್ರಾಕ್ಸಿಯನ್ನು ಬಳಸಿಯೇ ಹೋಗಬೇಕೆಂಬ ನಿರ್ಬಂಧ ಹೊರಗಿನವರಿಗೆ ಇರುವುದಿಲ್ಲ.

ಎಲ್ಲವೂ ಸಿದ್ಧವಾದ ಮೇಲೆ ಕಚೇರಿಯ ವೈಫೈ ಬಿಟ್ಟು ಮೊಬೈಲ್ ಡೇಟಾದಿಂದ 8443ನ್ನು ತೆರೆಯಿರಿ. 403 (ಅನುಮತಿ ಇಲ್ಲ) ಉತ್ತರ ಬರಬೇಕು, ಎಚ್‌ಎಪ್ರಾಕ್ಸಿಯ ಎಚ್‌ಟಿಟಿಪಿ ಲಾಗ್‌ನಲ್ಲಿ ಸರ್ವರ್ ಹೆಸರಿನ ಜಾಗದಲ್ಲಿ ಎನ್‌ಒಎಸ್‌ಆರ್‌ವಿ (NOSRV) ಎಂದಿರಬೇಕು. ಅಂದರೆ ಕೋರಿಕೆ ಯಾವ ಬ್ಯಾಕ್‌ಎಂಡ್ ಸರ್ವರನ್ನೂ ಮುಟ್ಟಿಲ್ಲ. ಅದೇ ಸಾಲಿನ ಆರಂಭದಲ್ಲಿ ನಿಮ್ಮ ಮೊಬೈಲ್ ಜಾಲದ ವಿಳಾಸದ ಬದಲು ಸಿಡಿಎನ್ನಿನದೋ ಡಾಕರ್ ಸೇತುವೆಯದೋ ವಿಳಾಸ ಕಂಡರೆ, ಅದನ್ನು ಸರಿಪಡಿಸುವವರೆಗೆ 8443ನ್ನು ಹೊರಗಿನವರಿಗೆ ತೆರೆಯಬೇಡಿ.